ಬೇರಿಗೇನು ಗೊತ್ತು?

ನರಗುಂದದ ನಮ್ಮ ಮನೆಯ ಪಡಸಾಲೆಯ ಬಾಗಿಲ ಹಿಂದೆ ಒಂದು ಪ್ಲಾಸ್ಟಿಕ್ ಚೀಲ ತೂಗುಹಾಕಿದೆ. ದಿನಾ ಬೆಳಿಗ್ಗೆ ತಲೆ ಬಾಚಿಕೊಂಡ ಮೇಲೆ ಹಣಿಗೆಯಲ್ಲಿ ಉಳಿದ ಕೂದಲನ್ನು ಬೆರಳಿಗೆ ಸುತ್ತಿ, ಸಣ್ಣ ಉಂಡೆ ಮಾಡಿ ಅದರಲ್ಲಿ ಹಾಕುವುದು ನನ್ನ ರೂಢಿ. ನಮ್ಮ ಅತ್ತೆಯವರು ಗೋಡೆಯ ಸಂದಿಯಲ್ಲಿ ತುರುಕಿಡುತ್ತಿದ್ದರು. ನಾನು ಚೀಲದಲ್ಲಿ ಹಾಕುತ್ತೇನೆ, ಅಷ್ಟೇ ವ್ಯತ್ಯಾಸ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಓಣಿಯಲ್ಲಿ "ಕೂದಲಾ... ಕೂದಲಾ..." ಎಂದು ಕೂಗುತ್ತ ಒಬ್ಬ ಬರುತ್ತಾನೆ. ಮೊದಲೆಲ್ಲ ಕೂದಲಿಗೆ ತಲೆಪಿನ್ನು, ಮಕ್ಕಳಿದ್ದರೆ ಪುಗ್ಗೆ ಕೊಡುತ್ತಿದ್ದರು. ಈಗ ಸ್ಟೀಲಿನ ಬಟ್ಟಲು ಕೊಡುತ್ತಾನೆ. ಕೇಳಿದರೆ ರೊಕ್ಕವನ್ನೂ ಎಣಿಸುತ್ತಾನೆ.

ಹೋದ ಶ್ರಾವಣದಲ್ಲಿ ಗಜೇಂದ್ರಗಡದಿಂದ ನನ್ನ ಅಣ್ಣನ ಮಗಳು ಬಂದಿದ್ದಳು. ನಾನು ಉಂಡೆಯನ್ನು ಚೀಲಕ್ಕೆ ಹಾಕುವುದನ್ನು ನೋಡಿ, "ಅತ್ಯಾ, ಜ್ವಾಕಿ ತುಂಬಿಡು. ನೀ ಇಲ್ಲೆ ಹಾಕಿದ್ದು ನಾಳೆ ನನ್ನ ತಲೀಮ್ಯಾಲೆ ಬಂದು ಕೂಡತದ" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಇಪ್ಪತ್ತಾರು ವರ್ಷದ ಆ ಹುಡುಗಿಯ ತಲೆಯ ಮೇಲೆ ಈಗ ಇರುವುದು ವಿಗ್ಗು.

ಅಂದು ಮಧ್ಯಾಹ್ನ ಮೊಬೈಲಿನಲ್ಲಿ ಏನೋ ಓದುತ್ತಿದ್ದವಳು ತಟ್ಟನೆ ಕೇಳಿದಳು: "ಅತ್ಯಾ, ನೀ ಸಾಲ್ಯಾಗ ವಿಜ್ಞಾನ ಕಲಿಸಿದಾಕಿ. ಜೀನ್ ಚಿಕಿತ್ಸಾ ಬಂದ್ರ ಬೋಳುತಲಿ ಅನ್ನೋದ ಇರೂದಿಲ್ಲಂತ. ಖರೇನು?"

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು. ಮೆಂಡಲನ ಬಟಾಣಿ ಗಿಡಗಳ ಚಿತ್ರವನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಅವಳಿಗೆ ಹೌದು ಎನ್ನಲೂ ನಾಲಗೆ ಏಳಲಿಲ್ಲ, ಅಲ್ಲ ಎನ್ನಲೂ ಏಳಲಿಲ್ಲ. ಅವಳು ಕೇಳಿದ್ದರಲ್ಲಿ ಎರಡು ಪ್ರಶ್ನೆಗಳಿದ್ದವು. ಇದು ಆದೀತೇ ಎಂಬುದು ಒಂದು. ಆದರೆ ಒಳ್ಳೆಯದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಾಲ್ಕು ಪುಸ್ತಕ ತಿರುವಿ ಹಾಕಿದರೆ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಮಾತ್ರ ನನ್ನ ಮನಸ್ಸು ರೋಣದ ನಮ್ಮ ತವರುಮನೆಯ ಹಿತ್ತಲಿಗೆ ಓಡಿತು.

ರೋಣ ಆಗ ಧಾರವಾಡ ಜಿಲ್ಲೆಯಲ್ಲಿತ್ತು. ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನಾನು ಹೇಳುತ್ತಿರುವುದು ಅದಕ್ಕೂ ಮೂರು ದಶಕ ಹಿಂದಿನ ಮಾತು. ನಮ್ಮ ಅಜ್ಜಿ, ಎಂದರೆ ಅಪ್ಪನ ತಾಯಿ, ಹತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು. ಸೂತಕ ಕಳೆಯುವುದರೊಳಗೆ ಅವಳ ತಲೆ ಬೋಳಿಸಿದರು. ಅಂದಿನಿಂದ ಕೆಂಪು ಸೀರೆ, ತಲೆಯ ಮೇಲೆ ಸೆರಗು. ಹದಿನೈದು ದಿನಕ್ಕೊಮ್ಮೆ ನಸುಕಿನಲ್ಲಿ ಕ್ಷೌರದವನು ಹಿತ್ತಲ ಬಾಗಿಲಿನಿಂದ ಬರುತ್ತಿದ್ದ. ಅಜ್ಜಿ ಬಚ್ಚಲ ಕಲ್ಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದಳು. ಅವನೂ ಮಾತಾಡುತ್ತಿರಲಿಲ್ಲ, ಅವಳೂ ಮಾತಾಡುತ್ತಿರಲಿಲ್ಲ. ಕತ್ತಿಯ ಸಪ್ಪಳ ಮಾತ್ರ ಕೇಳುತ್ತಿತ್ತು. ಅದು ಮುಗಿದ ಮೇಲೆ ತಣ್ಣೀರಿನ ನಾಲ್ಕು ಕೊಡ.

ನಾನಾಗ ಏಳೆಂಟು ವರ್ಷದವಳು. ಅವ್ವ ನನಗೆ ಎಣ್ಣೆ ಹಚ್ಚಿ ಎರಡು ಹೆರಳು ಹಾಕಿ ಅಬ್ಬಲಿಗೆ ಮುಡಿಸುತ್ತಿದ್ದಳು. ಅದೇ ಹೊತ್ತಿಗೆ ಅಜ್ಜಿ ಬಚ್ಚಲಿನಿಂದ ಬರುತ್ತಿದ್ದಳು. ಒಂದು ದಿನ ನಾನು ಕೇಳಿಬಿಟ್ಟೆ: "ಅಜ್ಜಿ, ದೇವರಿಗೆ ಬ್ಯಾಡಾದ ಕೂದಲಾ ಯಾಕ ಮತ್ತ ಮತ್ತ ಬೆಳೀತಾವ?" ಅವ್ವ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅಜ್ಜಿ ಸಿಟ್ಟಾಗಲಿಲ್ಲ. "ಬೇರಿಗೇನ ಗೊತ್ತವಾ? ಅದು ತನ್ನ ಕೆಲಸಾ ತಾ ಮಾಡತದ" ಎಂದಳು. ಹಾಗೆನ್ನುತ್ತ ಅವಳ ಬಲಗೈ ಕತ್ತಿನ ಹಿಂದೆ ಹೋಯಿತು, ತುರುಬು ಸರಿಮಾಡಿಕೊಳ್ಳುವವರ ಹಾಗೆ. ಅಲ್ಲಿ ತುರುಬಿರಲಿಲ್ಲ. ಐವತ್ತು ವರ್ಷವಾದರೂ ಆ ಕೈ ಮರೆತಿರಲಿಲ್ಲ.

ನಮ್ಮ ಭಾಷೆಯನ್ನೇ ನೋಡಿ. ಗಂಡಸಿನ ತಲೆ ಬೋಳಾದರೆ ಬಕ್ಕತಲೆ ಎಂದು ನಗುತ್ತೇವೆ; ಬುದ್ಧಿವಂತ, ರೊಕ್ಕವಂತ ಎಂದೂ ಅನ್ನುತ್ತೇವೆ. ಅದೇ ಮಾತು ಹೆಂಗಸಿಗೆ ಬಂದಾಗ ಬೈಗುಳವಾಗುತ್ತದೆ. ಎಷ್ಟು ಹೊಲಸು ಬೈಗುಳವೆಂದರೆ ಮಗನನ್ನು ಬೈಯುವುದಕ್ಕೂ ತಾಯಿಯ ಬೋಳುತಲೆಯೇ ಬೇಕು. ಹಾದಿಬೀದಿಯಲ್ಲಿ ಆ ಮಾತು ಕೇಳಿದಾಗಲೆಲ್ಲ ನನಗೆ ಬಚ್ಚಲ ಕಲ್ಲಿನ ಮೇಲೆ ಕೂತ ಅಜ್ಜಿಯ ಬೆನ್ನು ಕಾಣುತ್ತದೆ.

ಮದುವೆಯಾಗಿ ನಾನು ನರಗುಂದಕ್ಕೆ ಬಂದೆ. ನಮ್ಮವರಿಗೆ ಮೂವತ್ತು ದಾಟುವುದರೊಳಗೆ ನೆತ್ತಿ ಮಿಂಚತೊಡಗಿತ್ತು. ಊರ ನೆತ್ತಿಯ ಮೇಲಿರುವ ಕೋಟೆಗುಡ್ಡವನ್ನು ತೋರಿಸಿ, "ನೋಡು, ನರಗುಂದದಾಗ ಗುಡ್ಡಕ್ಕ ಇಲ್ಲದ್ದು ನನಗ ಎಲ್ಲಿಂದ ಬರಬೇಕು?" ಎಂದು ತಾವೇ ನಗೆಯಾಡುತ್ತಿದ್ದರು. ಅವರ ಕೂದಲಿನಿಂದ ಅವರ ನೌಕರಿ ಹೋಗಲಿಲ್ಲ, ಮಾನ ಹೋಗಲಿಲ್ಲ. ಬೈಸಿಕೊಂಡವರು ನಮ್ಮ ಅತ್ತೆಯವರು. "ಇದು ತಾಯಿ ಕಡಿಯಿಂದ ಬಂದದ್ದು. ಅವರಪ್ಪನ ತಲಿ ನೋಡಿಲ್ಲೇನು?" ಎಂದು ಬೀಗರು-ಬಿಜ್ಜರೆಲ್ಲ ಆಡುತ್ತಿದ್ದರು.

ಆ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಗಂಡುಮಗು ತನ್ನ ಎಕ್ಸ್ ವರ್ಣತಂತುವನ್ನು ತಾಯಿಯಿಂದ ಮಾತ್ರ ಪಡೆಯುತ್ತದೆ. ಗಂಡಸಿನ ಹಾರ್ಮೋನು ಬಂದು ಬೇರನ್ನು ತಟ್ಟಿದಾಗ ಬಾಗಿಲು ತೆರೆಯುವ ಗ್ರಾಹಿಯೊಂದಿದೆ; ಅದರ ವಂಶವಾಹಿ, ಅಂದರೆ ಜೀನು, ಇರುವುದು ಆ ಎಕ್ಸ್‌ನ ಮೇಲೆ. ಬೋಳುತಲೆಗೂ ಅದಕ್ಕೂ ನಂಟಿರುವುದನ್ನು 2005ರಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದರು. ಆದರೆ 2017ರಲ್ಲಿ ಬ್ರಿಟನ್ನಿನ 52,000 ಗಂಡಸರನ್ನು ಪರೀಕ್ಷಿಸಿದ ಇನ್ನೊಂದು ಅಧ್ಯಯನ ಬಂತು. ಅದರಲ್ಲಿ ಬೋಳುತಲೆಗೆ ಸಂಬಂಧಪಟ್ಟ 287 ತಾಣಗಳು ಸಿಕ್ಕವು. ಅವುಗಳಲ್ಲಿ ಹೆಚ್ಚಿನವು ಎಕ್ಸ್‌ನಲ್ಲಿಲ್ಲ. ಅಪ್ಪನಿಂದಲೂ ಬರುವಂಥವು, ಅವ್ವನಿಂದಲೂ ಬರುವಂಥವು. ನಮ್ಮ ಅತ್ತೆಯವರು ಬದುಕಿದ್ದರೆ ಈ ಲೆಕ್ಕವನ್ನು ಅವರಿಗೆ ಓದಿ ಹೇಳುತ್ತಿದ್ದೆ.

ಕೂದಲು ಉದುರುವುದೆಂದರೆ ಬೇರು ಸತ್ತಿತು ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ನಮ್ಮ ಎರೆ ಹೊಲಕ್ಕೆ ಹಂಗಾಮು ಇರುವಂತೆ ಒಂದೊಂದು ಕೂದಲಿಗೂ ಅದರದೇ ಹಂಗಾಮು ಇದೆ. ಎರಡರಿಂದ ಆರು ವರ್ಷ ಬೆಳೆಯುತ್ತದೆ, ಮೂರು ತಿಂಗಳು ಬೀಳು ಬಿದ್ದಿರುತ್ತದೆ, ಉದುರುತ್ತದೆ, ಅದೇ ಬೇರಿನಿಂದ ಹೊಸದು ಬರುತ್ತದೆ. ತಲೆಯ ಮೇಲೆ ಸುಮಾರು ಒಂದು ಲಕ್ಷ ಬೇರುಗಳಿರುವಾಗ ದಿನಕ್ಕೆ ಐವತ್ತರಿಂದ ನೂರು ಉದುರಿದರೆ ಗಾಬರಿಯಾಗಬೇಕಿಲ್ಲ. ಬಾಣಂತನದ ಮೂರು ತಿಂಗಳಿಗೆ, ವಿಷಮಜ್ವರದ ಮೂರು ತಿಂಗಳಿಗೆ ಮುಷ್ಟಿಗಟ್ಟಲೆ ಉದುರುವುದೂ ಇದೇ ಲೆಕ್ಕ. ಅದು ಮರಳಿ ಬರುತ್ತದೆ. ವಂಶದಿಂದ ಬರುವ ಬೋಳುತಲೆಯಲ್ಲಿ ಮಾತ್ರ ಪ್ರತಿ ಹಂಗಾಮಿಗೂ ಬೆಳೆ ಸಣ್ಣದಾಗುತ್ತ, ಹಂಗಾಮು ಗಿಡ್ಡದಾಗುತ್ತ ಹೋಗಿ ಕೊನೆಗೆ ಕಣ್ಣಿಗೆ ಕಾಣದ ನವಿರು ಉಳಿಯುತ್ತದೆ. ಹೊಲ ಇದೆ, ಬೇರಿದೆ, ಬೆಳೆ ಇಲ್ಲ. ಹೆಂಗಸರಲ್ಲೂ ಬೈತಲೆ ಅಗಲವಾಗುತ್ತ ಹೋಗುವುದುಂಟು.

ಅಣ್ಣನ ಮಗಳದು ಇದಲ್ಲ. ಅವಳಿಗೆ ಇಪ್ಪತ್ತೆರಡು ತುಂಬಿದ ವರ್ಷ, ಗಜೇಂದ್ರಗಡದ ಮನೆಯಲ್ಲಿ ವೈನಿ ಅವಳಿಗೆ ಹೆರಳು ಹಾಕುವಾಗ ಹಿಂದಲೆಯಲ್ಲಿ ಎಂಟಾಣೆ ಬಿಲ್ಲೆಯಷ್ಟು ಜಾಗ ನುಣ್ಣಗೆ ಕಂಡಿತು. "ಹುಳ ತಿಂದಾವ" ಎಂದರು ನೆರೆಹೊರೆಯವರು. ಉಳ್ಳಾಗಡ್ಡಿಯ ರಸವಾಯಿತು, ಬಳ್ಳೊಳ್ಳಿಯಾಯಿತು, ಗುಲಗಂಜಿ ತೇಯ್ದು ಹಚ್ಚಿದ್ದಾಯಿತು. ಒಂದು ಬಿಲ್ಲೆ ಮೂರಾಯಿತು, ಮೂರು ಕೂಡಿ ಒಂದಾಯಿತು. ಮನೆಯಲ್ಲಿ ಹರಕೆ ಹೊತ್ತರು. ಕಾಲಕಾಲೇಶ್ವರನ ಗುಡ್ಡಕ್ಕೆ ಓಡೋಡಿ ಏರುತ್ತಿದ್ದ ಹುಡುಗಿ ವಿಗ್ಗು ಹಾಕಿಕೊಂಡ ಮೇಲೆ ಅಲ್ಲಿಗೆ ಹೋಗುವುದನ್ನೇ ಬಿಟ್ಟಳು. ಗಜೇಂದ್ರಗಡದ ಗುಡ್ಡದ ಗಾಳಿ ನಿಮಗೆ ಗೊತ್ತಿರಬಹುದು, ಸಾಲುಸಾಲು ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಅದು. "ಅಲ್ಲೆ ಹೋದ್ರ ಒಂದ ಕೈ ತಲೀಮ್ಯಾಲೇ ಇರಬೇಕು. ನಮಸ್ಕಾರ ಮಾಡಲಿಕ್ಕೆ ಎರಡ ಕೈ ಬೇಕಲ್ಲ ಅತ್ಯಾ" ಎಂದಿದ್ದಳು.

ದೊಡ್ಡ ಊರಿನ ಒಂದು ಚಿಕಿತ್ಸಾಲಯದವರು ಜೀನ್ ಪರೀಕ್ಷೆ ಮಾಡಿ ಅದಕ್ಕೆ ತಕ್ಕ ಮದ್ದು ಕೊಡುತ್ತೇವೆಂದು ಅಣ್ಣನಿಂದ ನಲವತ್ತು ಸಾವಿರ ರೂಪಾಯಿ ಎಣಿಸಿಕೊಂಡರು. ಬಣ್ಣದ ಕಾಗದದ ವರದಿ ಬಂತು, ಕೂದಲು ಬರಲಿಲ್ಲ. ಬೋಳುತಲೆಯನ್ನು ಗುಣಪಡಿಸುತ್ತೇವೆ, ಹೊಸ ಕೂದಲು ಬೆಳೆಸುತ್ತೇವೆ ಎಂದು ಯಾವ ಔಷಧವೂ ಹೇಳಿಕೊಳ್ಳಕೂಡದು ಎಂದು ನಮ್ಮ ದೇಶದ 1945ರ ಔಷಧ ನಿಯಮಗಳ 'ಜೆ' ಅನುಸೂಚಿಯಲ್ಲೇ ಬರೆದಿದೆ. ಬಸ್ಸಿನ ಬೆನ್ನ ಮೇಲೆ, ಗೋಡೆಯ ಮೇಲೆ, ಮೊಬೈಲಿನಲ್ಲಿ ಕಾಣುವ ಜಾಹೀರಾತುಗಳನ್ನು ನೋಡಿದರೆ ಹಾಗೊಂದು ನಿಯಮ ಇದೆಯೆಂದು ಯಾರು ನಂಬಿಯಾರು?

ಕೊನೆಗೆ ಒಬ್ಬ ಚರ್ಮವೈದ್ಯೆ ಅವಳನ್ನು ಎದುರಿಗೆ ಕೂಡಿಸಿಕೊಂಡು ತಿಳಿಸಿ ಹೇಳಿದರು. ಇದರಲ್ಲಿ ಹುಳವಿಲ್ಲ. ರೋಗದ ವಿರುದ್ಧ ಕಾದಾಡಬೇಕಾದ ಮೈಯೊಳಗಿನ ಸೈನ್ಯವೇ ತನ್ನ ಊರನ್ನು ಗುರುತಿಸದೆ ಕೂದಲಿನ ಬೇರಿನ ಮೇಲೆ ಬೀಳುತ್ತದೆ. ಬೇರು ಸಾಯುವುದಿಲ್ಲ, ಹೆದರಿ ಅಡಗಿ ಕೂಡುತ್ತದೆ. ಆ ಸೈನ್ಯವನ್ನು ತಡೆಯುವ ಬ್ಯಾರಿಸಿಟಿನಿಬ್ ಎಂಬ ಗುಳಿಗೆಗೆ ಅಮೆರಿಕದಲ್ಲಿ 2022ರ ಜೂನ್‌ನಲ್ಲಿ ಈ ತೊಂದರೆಗೆಂದೇ ಒಪ್ಪಿಗೆ ಸಿಕ್ಕಿದೆ. ಕೆಲವರಿಗೆ ಕೂದಲು ಬರುತ್ತದೆ. ಗುಳಿಗೆ ಬಿಟ್ಟರೆ ಹಲವರಿಗೆ ಮತ್ತೆ ಹೋಗುತ್ತದೆ. ಸೈನ್ಯವನ್ನು ತಡೆದಾಗ ಬೇರೆ ರೋಗ ನುಗ್ಗುವ ಭಯವೂ ಇದೆ. "ವಿಚಾರ ಮಾಡಿ ಹೇಳ್ರಿ, ಅವಸರಿಲ್ಲ" ಎಂದರಂತೆ. ನಾಲ್ಕು ವರ್ಷಗಳಲ್ಲಿ ಅವಸರವಿಲ್ಲ ಎಂದು ಹೇಳಿದವರು ಅವರೊಬ್ಬರೇ.

ಇನ್ನು ಜೀನ್ ಚಿಕಿತ್ಸೆಯ ಮಾತು. ಕೆಟ್ಟ ವಂಶವಾಹಿಯಿಂದ ಬಂದ ರೋಗಕ್ಕೆ ಸರಿಯಾದ ವಂಶವಾಹಿಯನ್ನೇ ಮದ್ದಾಗಿ ಕೊಡುವುದು ಅದರ ಸಾರ. ರೋಗ ಹರಡುವ ಶಕ್ತಿಯನ್ನು ತೆಗೆದ ವೈರಾಣುವೊಂದನ್ನು ಅಂಚೆಯವನಂತೆ ಬಳಸಿ, ಅದರ ಕೈಯಲ್ಲಿ ಹೊಸ ಓಲೆ ಕೊಟ್ಟು ಜೀವಕೋಶದೊಳಗೆ ಕಳಿಸುತ್ತಾರೆ. 1990ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ನಾಲ್ಕು ವರ್ಷದ ಹುಡುಗಿಗೆ ಮೊದಲ ಸಲ ಹೀಗೆ ಚಿಕಿತ್ಸೆ ಕೊಟ್ಟರು.

ಕೂದಲಿನ ಕಡೆಗೂ ಕೆಲವರು ಕಣ್ಣು ಹಾಯಿಸಿದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಆಂಜೆಲಾ ಕ್ರಿಸ್ಟಿಯಾನೊ ಎಂಬ ವಿಜ್ಞಾನಿಗೆ ನನ್ನ ಸೊಸೆಯ ತೊಂದರೆಯೇ ಇತ್ತು. ತಮ್ಮ ತಲೆಯ ಮೇಲೆ ಆ ನುಣುಪು ಬಿಲ್ಲೆ ಕಂಡ ಮೇಲೆ ಅವರು ಕೂದಲಿನ ವಂಶವಾಹಿಗಳ ಹಿಂದೆ ಬಿದ್ದರು. ಹುಟ್ಟಿನಿಂದಲೇ ಕೂದಲಿಲ್ಲದವರಿದ್ದ ಪಾಕಿಸ್ತಾನದ ಒಂದು ಕುಟುಂಬವನ್ನು ಪರೀಕ್ಷಿಸಿ, ಅದಕ್ಕೆ ಕಾರಣವಾದ ಒಂದೇ ಒಂದು ವಂಶವಾಹಿಯನ್ನು 1998ರಲ್ಲಿ ಅವರ ತಂಡ ಗುರುತಿಸಿತು. ಮರುವರ್ಷ ನ್ಯೂಯಾರ್ಕಿನಲ್ಲೇ ರೊನಾಲ್ಡ್ ಕ್ರಿಸ್ಟಲ್ ಮತ್ತು ಅವರ ಜೊತೆಗಾರರು ನೆಗಡಿಯ ವೈರಾಣುವಿನ ಬೆನ್ನ ಮೇಲೆ ಸೋನಿಕ್ ಹೆಡ್ಜ್‌ಹಾಗ್ ಎಂಬ ವಂಶವಾಹಿಯನ್ನು ಹೊರಿಸಿ ಇಲಿಯ ಚರ್ಮಕ್ಕೆ ಕಳಿಸಿದರು. ಹೆಸರು ಮಕ್ಕಳ ವಿಡಿಯೊ ಆಟದ್ದು. ಕೆಲಸ ಮಾತ್ರ ದೊಡ್ಡದು. ಬೀಳು ಬಿದ್ದ ಬೇರುಗಳು ಎದ್ದು ಬೆಳೆಯತೊಡಗಿದವು. 2020ರಲ್ಲಿ ದಕ್ಷಿಣ ಕೊರಿಯಾದವರು ಬೋಳುತಲೆಯ ಹಾರ್ಮೋನು ತಯಾರಿಸುವ ವಂಶವಾಹಿಯನ್ನು ಇಲಿಗಳ ಚರ್ಮದಲ್ಲೇ ಕತ್ತರಿಸಿ ನೋಡಿದರು.

ಹಾಗಾದರೆ ನಮ್ಮ ತಲೆಗೆ ಏಕೆ ಬರಲಿಲ್ಲ? ಕಾರಣಗಳಿವೆ. 287 ತಾಣಗಳಲ್ಲಿ ಯಾವುದನ್ನು ರಿಪೇರಿ ಮಾಡಬೇಕು? ಒಂದು ಲಕ್ಷ ಬೇರಿನ ಬಾಗಿಲಿಗೂ ಅಂಚೆಯವನು ತಲುಪಬೇಕು. ಇಲಿಯ ಕೂದಲನ್ನು ಎಬ್ಬಿಸಿದ ಆ ವಂಶವಾಹಿಯ ದಾರಿ ಹಗಲೂ ರಾತ್ರಿ ತೆರೆದೇ ಇದ್ದರೆ ಚರ್ಮದ ಕ್ಯಾನ್ಸರ್ ಬರುತ್ತದೆ. ಒಂದೇ ವಂಶವಾಹಿ ಕೆಟ್ಟು ಹುಟ್ಟಾ ಕೂದಲಿಲ್ಲದವರಿಗೆ ಈ ಚಿಕಿತ್ಸೆ ಎಂದಾದರೂ ನೇರವಾಗಿ ಒಗ್ಗಬಹುದು; ನಮ್ಮವರ ಮಿಂಚುವ ನೆತ್ತಿಗೆ, ಸೊಸೆಯ ದಾರಿತಪ್ಪಿದ ಸೈನ್ಯಕ್ಕೆ ಅಷ್ಟು ಸುಲಭವಲ್ಲ. ಬೋಳುತಲೆಗೆಂದು ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ ಜಗತ್ತಿನಲ್ಲಿ ಇಂದಿಗೂ ಒಂದೂ ಇಲ್ಲ. ನಾಳೆ ಬರಲಾರದು ಎನ್ನುವ ಧೈರ್ಯ ಮಾತ್ರ ನನಗಿಲ್ಲ. ಮಿನಾಕ್ಸಿಡಿಲ್ ಎಂಬುದು ರಕ್ತದೊತ್ತಡದ ಗುಳಿಗೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಬಂದದ್ದನ್ನು ನೋಡಿ ಅದನ್ನು ತಲೆಗೆ ಹಚ್ಚುವ ದ್ರವ ಮಾಡಿದರು. ವಿಜ್ಞಾನ ಎಷ್ಟೋ ಸಲ ಹಿತ್ತಲ ಬಾಗಿಲಿನಿಂದಲೇ ಬರುತ್ತದೆ.

ಬಂದರೆ ಒಳ್ಳೆಯದೇ? ನನ್ನೊಳಗಿನ ಟೀಚರಮ್ಮ ಮೊದಲು ಹೇಳುವುದು, ಬೋಳುತಲೆಯಿಂದ ಯಾರೂ ಸಾಯುವುದಿಲ್ಲ ಎಂದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಜೊತೆಗೂಡಿ ತೀವ್ರ ಹಿಮೋಫಿಲಿಯಾ ಇದ್ದ ಐದು ಮಂದಿಗೆ ಜೀನ್ ಚಿಕಿತ್ಸೆ ಕೊಟ್ಟರು. ಗಾಯವಾದರೆ ರಕ್ತ ನಿಲ್ಲದ, ಮೊಣಕಾಲಿನ ಸಂದಿಯಲ್ಲಿ ತಾನಾಗಿಯೇ ರಕ್ತ ತುಂಬಿಕೊಳ್ಳುವ ರೋಗ ಅದು. ಚಿಕಿತ್ಸೆಯ ನಂತರ ಅವರಲ್ಲಿ ಯಾರಿಗೂ ಹಾಗೆ ರಕ್ತಸ್ರಾವವಾಗಲಿಲ್ಲ ಎಂಬ ವರದಿ 2024ರ ಡಿಸೆಂಬರ್‌ನಲ್ಲಿ ಬಂತು. ಅದೂ ತಾಯಿಯ ಎಕ್ಸ್‌ನಿಂದ ಗಂಡುಮಕ್ಕಳಿಗೆ ಬರುವ ರೋಗವೇ. ಮಗ ಅಂಗಳದಲ್ಲಿ ಆಡಲು ಹೋದರೆ ಬಿದ್ದಾನೇನೋ ಎಂದು ಜೀವ ಕೈಯಲ್ಲಿ ಹಿಡಿದು ಕೂಡುವ ತಾಯಿಯ ಮುಂದೆ ನೆತ್ತಿಯ ಕೂದಲಿನ ಮಾತೆತ್ತಲು ನಾಚಿಕೆಯಾಗಬೇಕು. ಕುಡುಗೋಲುಕಣ ರಕ್ತಹೀನತೆಗೆ 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಜೀನ್ ತಿದ್ದುವ ಚಿಕಿತ್ಸೆಯ ಬೆಲೆ ಒಬ್ಬರಿಗೆ 22 ಲಕ್ಷ ಡಾಲರ್. ಆ ರೋಗ ಹೆಚ್ಚಾಗಿರುವುದು ಬಡವರಲ್ಲಿ, ನಮ್ಮ ದೇಶದಲ್ಲಾದರೆ ಬುಡಕಟ್ಟಿನವರಲ್ಲಿ. ಬೋಳುತಲೆಯೋ ಉಳ್ಳವರಲ್ಲೂ ಬೇಕಾದಷ್ಟಿದೆ. ಸಂಶೋಧನೆಯ ರೊಕ್ಕ ಯಾವ ಕಡೆ ಹರಿದೀತು ಎಂಬುದನ್ನು ಸಂತೆಗೆ ಹೋಗಿ ಬರುವ ಯಾವ ಹೆಣ್ಣುಮಗಳೂ ಹೇಳಬಲ್ಲಳು.

ಜೀವಭಯದ ಮಾತೂ ಇದೆ. 1999ರ ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ಎಂಬ ಹುಡುಗ ಜೀನ್ ಚಿಕಿತ್ಸೆಯ ಪ್ರಯೋಗದಲ್ಲಿ ಸತ್ತ. ಅವನಿಗಿದ್ದ ಯಕೃತ್ತಿನ ತೊಂದರೆ ಪಥ್ಯ ಮತ್ತು ಗುಳಿಗೆಗಳಿಂದ ಹಿಡಿತದಲ್ಲಿತ್ತು. ಅದೇ ರೋಗದಿಂದ ಸಾಯುವ ಹಸುಗೂಸುಗಳಿಗೆ ಉಪಯೋಗವಾಗಲಿ ಎಂದು ತಾನಾಗಿ ಮುಂದೆ ಬಂದಿದ್ದ. ಹಸುಗೂಸಿನ ಜೀವಕ್ಕಾಗಿ ಒಡ್ಡಿಕೊಂಡ ಅಪಾಯವನ್ನು ಬೈತಲೆಯ ಅಂದಕ್ಕಾಗಿ ಒಡ್ಡಿಕೊಳ್ಳಬಹುದೇ?

ಇಷ್ಟೆಲ್ಲ ಹೇಳಿ ಮುಗಿಸಿದರೆ ನೀತಿಪಾಠ ಚೆನ್ನಾಗಿಯೇ ಆಗುತ್ತದೆ. ಆದರೆ ಹೀಗೆ ಬೋಧಿಸುವ ನನ್ನ ಬಾಯಲ್ಲಿರುವ ಹಲ್ಲುಗಳು ಕಟ್ಟಿಸಿದವು. ಹಲ್ಲು ರೊಟ್ಟಿ ತಿನ್ನಲಿಕ್ಕೆ ಎನ್ನಬಹುದು. ಹದಿನೈದು ದಿನಕ್ಕೊಮ್ಮೆ ತಲೆಗೆ ಹಚ್ಚುವ ಬಣ್ಣ ಯಾವ ರೊಟ್ಟಿಗಾಗಿ? "ಕೂದಲಿದ್ದವಳು ಎತ್ತ ತುರುಬು ಕಟ್ಟಿದರೂ ಚೆಂದ" ಎಂಬ ಗಾದೆ ಕಟ್ಟಿದವರು ಕೂದಲಿಲ್ಲದವಳ ಪಾಡು ಬಲ್ಲವರೇ ಇರಬೇಕು. ತಲೆತುಂಬ ಕೂದಲಿದ್ದವರು ಇಲ್ಲದವರಿಗೆ ತೃಪ್ತಿಯ ಉಪದೇಶ ಮಾಡುವುದು, ಉಂಡವರು ಉಪವಾಸದ ಮಹಿಮೆ ಹೇಳಿದ ಹಾಗೆ. ಇಷ್ಟಾಗಿ ನಾನೂ ತಪ್ಪು ಮಾಡಿದ್ದೇನೆ. ಅದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಬಾಗಲಕೋಟೆಯ ಕಡೆಯಿಂದ ಅವಳಿಗೊಂದು ಸಂಬಂಧ ಬಂತು. ಒಳ್ಳೆಯ ಮನೆತನ, ಹುಡುಗ ಓದಿದವ. ಕನ್ಯಾ ನೋಡಲು ಬರುವ ದಿನ ಗೊತ್ತಾಯಿತು. ಹೇಳಬೇಕೋ ಬೇಡವೋ ಎಂದು ಅಣ್ಣ-ವೈನಿ ಒದ್ದಾಡುತ್ತಿದ್ದಾಗ ನಾನೇ ಹೇಳಿದೆ: "ಈಗ ಯಾಕ? ವಿಗ್ಗು ಚೊಲೋ ಕೂತದ, ಗೊತ್ತಾಗೂದಿಲ್ಲ. ಮದುವಿ ಆಗಲಿ, ಆಮ್ಯಾಲೆ ತಿಳಿಸಿದ್ರಾತು." ಅವಳು ಮೂಲೆಯಲ್ಲಿ ಕೂತು ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ. ಅವತ್ತು ರಾತ್ರಿ ತಾನೇ ಆ ಹುಡುಗನಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿಬಿಟ್ಟಳು. ಅವನು ಸಮಾಧಾನದಿಂದ ಕೇಳಿದನಂತೆ. ಎರಡು ದಿನ ಬಿಟ್ಟು ಅವರ ಮನೆಯಿಂದ ಕುಂಡಲಿ ಕೂಡಲಿಲ್ಲ ಎಂಬ ಸುದ್ದಿ ಬಂತು. ಅಣ್ಣ ಅವಳನ್ನು ಬೈದ. ವೈನಿ ಅತ್ತಳು. ನಾನು ನರಗುಂದದ ಬಸ್ಸು ಹಿಡಿದು ಬಂದುಬಿಟ್ಟೆ.

ಬಸ್ಸಿನ ಕಿಟಕಿಯಿಂದ ರೋಣದ ಹೊಲಗಳನ್ನು ನೋಡುತ್ತ ಕೂತಾಗ ಹೊಳೆಯಿತು. ಅಜ್ಜಿಯ ತಲೆಯ ಮೇಲೆ ಕೂದಲಿರಬಾರದು ಎಂದು ಊರು ತೀರ್ಮಾನಿಸಿತ್ತು. ಈ ಹುಡುಗಿಯ ತಲೆಯ ಮೇಲೆ ಕೂದಲಿರಲೇಬೇಕು ಎಂದು ನಾವು ತೀರ್ಮಾನಿಸಿದ್ದೆವು. ಕೇಳದೆ ಬೋಳಿಸಿದವರಿಗೂ ಕೇಳದೆ ಮುಚ್ಚಹೊರಟ ನನಗೂ ಎಷ್ಟು ದೂರ? ಕುಮಾರವ್ಯಾಸ ಭಾರತ ಬರೆದನೆಂದು ನಾವು ಹೆಮ್ಮೆಪಡುವ ಗದುಗಿನ ನಾಡು ಇದು. ಆ ಕಥೆಯ ಸಭೆಯಲ್ಲೂ ದ್ರೌಪದಿಯನ್ನು ಎಳೆದು ತಂದದ್ದು ಮುಡಿ ಹಿಡಿದೇ. ಹೆಣ್ಣಿನ ತಲೆಗೆ ಕೈಹಾಕುವುದು ಎಲ್ಲರಿಗೂ ಎಷ್ಟು ಸಲೀಸು!

ಜೀನ್ ಚಿಕಿತ್ಸೆಯ ಬಗ್ಗೆ ನನಗಿರುವ ಭಯವೂ ಇಲ್ಲಿಂದಲೇ ಹುಟ್ಟಿದ್ದು. ಮದ್ದು ಇಲ್ಲದಿರುವಾಗ "ಪಾಪ, ಏನ ಮಾಡಾಕಾಗತದ" ಎನ್ನುವ ಲೋಕ, ಮದ್ದು ಬಂದ ಮರುದಿನ "ಯಾಕ ಮಾಡಿಸಿಕೊಂಡಿಲ್ಲ?" ಎಂದು ಕೇಳುತ್ತದೆ. ಕೊರತೆಯಾಗಿದ್ದದ್ದು ತಪ್ಪಾಗುತ್ತದೆ. ವರದಕ್ಷಿಣೆಯ ಯಾದಿಯಲ್ಲಿ ಅದೂ ಒಂದು ಕಲಮಾದೀತು. ತಲೆಯ ಚರ್ಮಕ್ಕೆ ಕೊಟ್ಟ ಚಿಕಿತ್ಸೆ ಆ ತಲೆಯೊಂದಿಗೇ ಮುಗಿಯುತ್ತದೆ, ಮಕ್ಕಳಿಗೆ ಹೋಗುವುದಿಲ್ಲ. ಆದರೆ 2018ರ ನವೆಂಬರ್‌ನಲ್ಲಿ ಚೀನಾದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿ ಭ್ರೂಣದಲ್ಲೇ ವಂಶವಾಹಿ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿವೆ ಎಂದು ಸಾರಿದ. ಮರುವರ್ಷ ಅವನಿಗೆ ಮೂರು ವರ್ಷದ ಜೈಲಾಯಿತು. ರೋಗ ತಡೆಯಲೆಂದು ಅವನು ಮಾಡಿದ್ದನ್ನು ನಾಳೆ ಕೂದಲಿಗೆ, ಬಣ್ಣಕ್ಕೆ, ಎತ್ತರಕ್ಕೆ ಮಾಡಿಸುವವರು ಇರಲಾರರೆ? ಹತ್ತೊಂಬತ್ತರ ಅಜ್ಜಿಯನ್ನು ಯಾರೂ ಕೇಳಲಿಲ್ಲ ನಿಜ. ಹೊಟ್ಟೆಯೊಳಗಿನ ಕೂಸನ್ನಂತೂ ಕೇಳುವ ದಾರಿಯೇ ಇಲ್ಲ.

ಹಾಗೆಂದು ಮದ್ದು ಬೇಡ ಎನ್ನಲಾರೆ. ಕ್ಯಾನ್ಸರಿನ ಔಷಧಿಯಿಂದ ಕೂದಲು ಕಳೆದುಕೊಂಡ ಹೆಣ್ಣುಮಗಳು, ಹುಟ್ಟಿನಿಂದ ಹುಬ್ಬು ರೆಪ್ಪೆಗಳೂ ಇಲ್ಲದ ಕೂಸು, ಗುಡ್ಡದ ಗಾಳಿಗೆ ಹೆದರುವ ನನ್ನ ಸೊಸೆ, ಇವರಿಗೆ ಕೂದಲು ಬರಿ ಶೋಕಿಯಲ್ಲ. ಮೊದಲು ಪ್ರಾಣಕ್ಕೆ ಸಂಚಕಾರ ತರುವ ರೋಗಗಳಿಗೆ ಮದ್ದಾಗಲಿ. ಆಮೇಲೆ ಅಪಾಯವಿಲ್ಲದೆ, ಕೈಗೆಟಕುವ ಬೆಲೆಗೆ ಇದಕ್ಕೂ ಆಗಲಿ. ತೆಗೆದುಕೊಳ್ಳುವ ದಿನ ಮಾತ್ರ ಯಾರ ತಲೆಯೋ ಅವರೇ ಹೌದು ಎನ್ನಬೇಕು, ಬೇಡವೆಂದರೆ ಯಾರೂ ಮುಖ ತಿರುವಬಾರದು. ಮೊದಲಿನದನ್ನು ವಿಜ್ಞಾನಿಗಳು ಮಾಡಿಯಾರು. ಎರಡನೆಯದು ನಮ್ಮ ನಿಮ್ಮ ಪಡಸಾಲೆಗಳಲ್ಲೇ ಆಗಬೇಕಾದ ಕೆಲಸ.

ಶ್ರಾವಣದ ಆ ಮಧ್ಯಾಹ್ನ ಇಷ್ಟನ್ನೂ ನಾನು ಅವಳಿಗೆ ಹೇಳಲಿಲ್ಲ. ದೀಪಾವಳಿಯ ಮಾತಿಗೆ ಕ್ಷಮೆ ಕೇಳಿದೆ. "ಬಿಡು ಅತ್ಯಾ" ಎಂದಳು. ಮತ್ತೆ ಕೇಳಿದೆ: "ಅಂಥಾ ಮದ್ದು ಬಂತಂದ್ರ ನೀ ತೊಗೋತೀಯೇನು?" ಅವಳು ಬಹಳ ಹೊತ್ತು ವಿಚಾರ ಮಾಡಿದಳು. "ಕನ್ನಡಿ ಮುಂದ ನಿಂತಾಗ ಬೇಕಂತ ಅನಸತದ. ಕೆಲಸದಾಗ ಇದ್ದಾಗ ನೆನಪೂ ಇರೂದಿಲ್ಲ. ಯಾವಾಕಿ ಮಾತು ಕೇಳಬೇಕೋ ಇನ್ನೂ ತಿಳಿದಿಲ್ಲ" ಎಂದಳು. ಅಂದು ರಾತ್ರಿ ಮಲಗುವಾಗ ನಮ್ಮ ಮನೆಯಲ್ಲಿ ಮೊದಲ ಸಲ ವಿಗ್ಗು ತೆಗೆದು ಗೂಟಕ್ಕೆ ಹಾಕಿದಳು. ಕಂದೀಲು ಹಿಡಿದು ನೋಡಬೇಕೆನ್ನುವಷ್ಟು ಸಣ್ಣದಾದ ಬಿಳಿ ನವಿರು ಅಲ್ಲಲ್ಲಿ ಕಾಣುತ್ತಿತ್ತು. ನೋಡಿದೆನೆಂದು ನಾನು ಹೇಳಲಿಲ್ಲ. ಬೇರು ತನ್ನ ಕೆಲಸ ತಾನು ಮಾಡುತ್ತಿತ್ತು.

ಮೊನ್ನೆ ಕೂದಲು ಕೊಳ್ಳುವವನು ಬಂದಿದ್ದ. ಇದೆಲ್ಲ ಎಲ್ಲಿಗೆ ಹೋಗುತ್ತದಪ್ಪಾ ಎಂದು ಕೇಳಿದೆ. "ಕೊಪ್ಪಳದ ಭಾಗ್ಯನಗರಕ್ಕ ಹೋಗತೈತ್ರೀ ಅಕ್ಕಾರ. ಅಲ್ಲೆ ಹೆಣ್ಮಕ್ಕಳು ಸಿಕ್ಕ ಬಿಡಿಸಿ, ಎಳಿ ಆರಿಸಿ, ಕಟ್ಟ ಕಟ್ಟತಾರ. ಅಲ್ಲಿಂದ ಪರದೇಶಕ್ಕ" ಎಂದ. ತೂಕ ಹಾಕಿ ಒಂದು ಸ್ಟೀಲಿನ ಬಟ್ಟಲು ಕೊಟ್ಟ. ನನ್ನ ಚೀಲದ ಕೂದಲು ಯಾವ ದೇಶದ ಯಾವ ಹೆಣ್ಣುಮಗಳ ತಲೆಗೆ ಹೋಗುತ್ತದೋ ಗೊತ್ತಿಲ್ಲ. ಬೇಕೆನಿಸಿದಾಗ ಹಾಕಿಕೊಳ್ಳಲಿ, ಬೇಡವೆನಿಸಿದಾಗ ತೆಗೆದು ಗೂಟಕ್ಕೆ ತೂಗುಹಾಕುವ ಮನೆಯೊಂದು ಅವಳಿಗೂ ಇರಲಿ ಎಂದುಕೊಂಡು ಖಾಲಿ ಚೀಲವನ್ನು ಮತ್ತೆ ಬಾಗಿಲ ಹಿಂದೆ ಸಿಗಿಸಿದೆ.